ಎರಡು ದಿನದ ಪ್ರಾಗ್: ಅಡುಗೆಮನೆಯಲ್ಲಿ ಕೇಳಿದ್ದು, ಊರಲ್ಲಿ ಕಂಡದ್ದು

ಚಿಕ್ಕಪ್ಪನ ಮಗಳಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಸಿಕ್ಕಿದೆ. ಹೊರಡಲು ಇನ್ನೂ ಒಂದೂವರೆ ತಿಂಗಳಿದೆ, ವೀಸಾ ಕೈಗೆ ಬಂದಿಲ್ಲ. ಆದರೂ ಮೊದಲ ವಾರಾಂತ್ಯಕ್ಕೆ ಪ್ರಾಗ್ ಎಂದು ಅವಳ ಗುಂಪು ಆಗಲೇ ತೀರ್ಮಾನ ಮಾಡಿಬಿಟ್ಟಿದೆ. "ಅಕ್ಕಾ, ನೀನೂ ಹೋಗಿದ್ದೆಯಲ್ಲ, ಇದೆಲ್ಲ ನಿಜಾನಾ ನೋಡು" ಅಂತ ಸೀನಿಯರುಗಳು ಹೇಳಿದ್ದನ್ನೆಲ್ಲ ವಾಟ್ಸ್ಆಪ್‌ನಲ್ಲಿ ಕಳಿಸಿದಳು. ಓದುತ್ತಾ ನಗು ಬಂತು. 2023ರ ನವೆಂಬರಿನಲ್ಲಿ ಲೈಪ್‌ಜಿಗ್‌ನ ಹಾಸ್ಟೆಲ್ ಅಡುಗೆಮನೆಯಲ್ಲಿ ಏಳು ಜನ ಕೂತು ಒಬ್ಬರಿಗೊಬ್ಬರು ಹೇಳಿಕೊಂಡ ತಪ್ಪುಗಳೇ ಅವು. ಎರಡು ಬ್ಯಾಚ್ ದಾಟಿದರೂ ಸವೆದಿಲ್ಲ.

ಆ ಏಳು ಜನರಲ್ಲಿ ಇಬ್ಬರು ಸ್ಪೇನಿನವರು. ಇಟಲಿ, ಟರ್ಕಿ, ಕೊರಿಯಾ, ಬ್ರೆಜಿಲ್‌ಗಳಿಂದ ಒಬ್ಬೊಬ್ಬರು. ಏಳನೆಯವಳು ಮೈಸೂರಿನ ನಾನು. ಯಾರೂ ಸುಳ್ಳು ಹೇಳಲಿಲ್ಲ, ಅವರವರ ಪಾಸ್‌ಪೋರ್ಟಿಗೆ ಅವರವರ ಮಾತು ಸರಿಯಾಗಿಯೇ ಇತ್ತು. ಸ್ಪೇನಿನವಳಿಗೆ ಸರಿಯಾದದ್ದು ನನಗೂ ಸರಿ ಎಂದುಕೊಂಡೆನಲ್ಲ, ಎಡವಿದ್ದು ಅಲ್ಲಿ. ತಂಗಿಗೆ ಬರೆದ ಉತ್ತರವನ್ನೇ ಸ್ವಲ್ಪ ಬೆಳೆಸಿ ಇಲ್ಲಿ ಇಟ್ಟಿದ್ದೇನೆ.

ತಪ್ಪು ಕಲ್ಪನೆ: ಷೆಂಗೆನ್ ಒಳಗೆ ಗಡಿ ಅನ್ನುವುದೇ ಇಲ್ಲ. ಐಡಿ ಕಾರ್ಡ್ ಜೇಬಲ್ಲಿದ್ದರೆ ಸಾಕು.

ವಾಸ್ತವ: ಯೂರೋಪಿಯನ್ ಒಕ್ಕೂಟದ ಪ್ರಜೆಗಳಿಗೆ ಅವರ ಸರ್ಕಾರ ಕೊಟ್ಟ ಗುರುತಿನ ಕಾರ್ಡೇ ಪ್ರಯಾಣದ ದಾಖಲೆ. ಅವರಿಗೆ ಸಾಕು. ನಮ್ಮ ಹತ್ತಿರ ಪಾಸ್‌ಪೋರ್ಟ್ ಇರಬೇಕು, ಜೊತೆಗೆ ಜರ್ಮನಿ ಕೊಟ್ಟ ಡಿ ವೀಸಾ ಅಥವಾ ನಿವಾಸ ಪರವಾನಗಿಯ ಕಾರ್ಡ್ ಇರಬೇಕು. ಎರಡೂ ಅಸಲಿ. ಮೊಬೈಲಿನಲ್ಲಿರುವ ಫೋಟೊ, ಜೆರಾಕ್ಸ್ ಲೆಕ್ಕಕ್ಕಿಲ್ಲ. ವಿಶ್ವವಿದ್ಯಾಲಯದ ಕಾರ್ಡು ಕ್ಯಾಂಟೀನಿನಲ್ಲಿ ಊಟಕ್ಕೆ ಆಗುತ್ತದೆ, ಗಡಿಗೆ ಆಗುವುದಿಲ್ಲ.

ಇನ್ನು ಗಡಿ ಇಲ್ಲ ಅನ್ನುವ ಮಾತು. 1985ರ ಜೂನ್ 14ರಂದು ಲಕ್ಸೆಂಬರ್ಗಿನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ, ಮೊಸೆಲ್ ನದಿಯಲ್ಲಿ ನಿಂತ ಹಡಗಿನೊಳಗೆ ಐದು ದೇಶಗಳು ತಮ್ಮ ನಡುವಿನ ಗಡಿ ತಪಾಸಣೆಯನ್ನು ಹಂತಹಂತವಾಗಿ ತೆಗೆಯುವ ಒಪ್ಪಂದಕ್ಕೆ ಸಹಿ ಹಾಕಿದವು. ಚೆಕ್ ಗಣರಾಜ್ಯ ಆ ವಲಯಕ್ಕೆ ಸೇರಿದ್ದು 2007ರ ಡಿಸೆಂಬರಿನಲ್ಲಿ. ಆದರೆ ಬೇಕೆನಿಸಿದಾಗ ತಾತ್ಕಾಲಿಕ ತಪಾಸಣೆ ಶುರು ಮಾಡುವ ಅವಕಾಶವನ್ನು ದೇಶಗಳು ಉಳಿಸಿಕೊಂಡಿವೆ. ನಾವು ಹೊರಡುವ ತಿಂಗಳ ಹಿಂದಷ್ಟೇ, 2023ರ ಅಕ್ಟೋಬರಿನಲ್ಲಿ, ಜರ್ಮನಿ ಚೆಕ್ ಗಡಿಯಲ್ಲಿ ಅದನ್ನು ಮಾಡಿತ್ತು. 2024ರ ಸೆಪ್ಟೆಂಬರಿನಲ್ಲಿ ತನ್ನ ಎಲ್ಲ ಭೂಗಡಿಗಳಿಗೂ ಹಬ್ಬಿಸಿತು.

ನಮಗೆ ಇದು ಗೊತ್ತಾದದ್ದು ವಾಪಸ್ ಬರುವಾಗ. ಭಾನುವಾರ ಕತ್ತಲಾದ ಮೇಲೆ ಹೆದ್ದಾರಿಯಲ್ಲಿ ಬಸ್ಸು ಪಕ್ಕಕ್ಕೆ ಸರಿಯಿತು, ಒಳಗಿನ ದೀಪಗಳೆಲ್ಲ ಹತ್ತಿದವು, ಇಬ್ಬರು ಪೊಲೀಸರು ಹತ್ತಿದರು. ಸ್ಪೇನಿನವಳು ನಿದ್ದೆಗಣ್ಣಲ್ಲೇ ಕಾರ್ಡ್ ಎತ್ತಿ ತೋರಿಸಿ ಮತ್ತೆ ಮಲಗಿದಳು. ನನ್ನ ಪಾಸ್‌ಪೋರ್ಟಿನ ಒಂದೊಂದೇ ಹಾಳೆ ತಿರುವಿದರು. ಟರ್ಕಿಯವನು ಪಾಸ್‌ಪೋರ್ಟನ್ನು "ಕಳೆದುಹೋದರೆ ಕಷ್ಟ" ಎಂದು ಲೈಪ್‌ಜಿಗ್‌ನ ರೂಮಿನ ಡ್ರಾಯರಿನಲ್ಲಿ ಜೋಪಾನ ಮಾಡಿ ಬಂದಿದ್ದ. ನಿವಾಸದ ಕಾರ್ಡು ಮಾತ್ರ ಇತ್ತು. ಅವನನ್ನು ಕೆಳಗಿಳಿಸಿಕೊಂಡು ಹೋದರು. ಎಷ್ಟೋ ಫೋನುಗಳಾದ ಮೇಲೆ, ಅರ್ಧ ಗಂಟೆ ಕಳೆದು, ಹತ್ತಿಸಿ ಕಳಿಸಿದರು. ಬಸ್ಸಿನವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಲೈಪ್‌ಜಿಗ್ ಬರುವವರೆಗೂ ಬಾಯಿ ಬಿಡಲಿಲ್ಲ.

ಇನ್ನೆರಡು ಮಾತು. ಜರ್ಮನಿಯ ಪರವಾನಗಿ ಇರುವವರು ಉಳಿದ ಷೆಂಗೆನ್ ದೇಶಗಳಲ್ಲಿ ಇರಬಹುದಾದದ್ದು ಯಾವುದೇ 180 ದಿನಗಳಲ್ಲಿ ಒಟ್ಟು 90 ದಿನ. ಮತ್ತು ಯೂರೋಪೆಲ್ಲ ಷೆಂಗೆನ್ ಅಲ್ಲ. ಲಂಡನ್, ಡಬ್ಲಿನ್ ನೋಡಬೇಕಾದರೆ ಬೇರೆ ವೀಸಾ. ನಿನ್ನ ವೀಸಾದ ತಾರೀಖು ಮುಗಿದು ಹೊಸ ಕಾರ್ಡು ಇನ್ನೂ ಬಂದಿಲ್ಲವಾದರೆ, ವಿದೇಶಿಯರ ಕಚೇರಿಯಲ್ಲಿ ವಿಚಾರಿಸದೆ ಊರು ಬಿಡಬೇಡ.

ತಪ್ಪು ಕಲ್ಪನೆ: ರೈಲು ಪಾಸ್ ಇದೆಯಲ್ಲ, ಅದರಲ್ಲೇ ಪ್ರಾಗ್‌ವರೆಗೆ ಹೋಗಬಹುದು.

ವಾಸ್ತವ: ಆಗುವುದಿಲ್ಲ. 2023ರ ಮೇ 1ರಂದು ಬಂದ ಡಾಯ್ಚ್‌ಲಾಂಡ್ ಟಿಕೆಟ್ ಸ್ಥಳೀಯ ಮತ್ತು ಪ್ರಾದೇಶಿಕ ಗಾಡಿಗಳಿಗೆ ಮಾತ್ರ. ಡ್ರೆಸ್ಡೆನ್‌ನಿಂದ ಪ್ರಾಗ್‌ಗೆ ಹೋಗುವ ದೂರದ ಗಾಡಿಗೆ ಬೇರೆ ಟಿಕೆಟ್ ಬೇಕು. ಬಸ್ಸು ಅಗ್ಗ. ಆದರೂ ಹೋಗುವಾಗಲೋ ಬರುವಾಗಲೋ ಒಂದು ಸಲ, ಬೆಳಕಿರುವಾಗ, ರೈಲಿನಲ್ಲೇ ಹೋಗು ಅನ್ನುತ್ತೇನೆ. ಡ್ರೆಸ್ಡೆನ್ ದಾಟಿದ ಮೇಲೆ ಹಳಿ ಎಲ್ಬೆ ನದಿಯ ಅಂಚು ಹಿಡಿದೇ ಸಾಗುತ್ತದೆ, ತಲೆಯ ಮೇಲೆ ಮರಳುಗಲ್ಲಿನ ಕೋಡುಗಳು. ಆ ಸೀಮೆಯ ಹೆಸರು ಸ್ಯಾಕ್ಸನ್ ಸ್ವಿಟ್ಜರ್ಲೆಂಡ್. ಹದಿನೆಂಟನೇ ಶತಮಾನದಲ್ಲಿ ಡ್ರೆಸ್ಡೆನ್‌ನಲ್ಲಿದ್ದ ಇಬ್ಬರು ಸ್ವಿಸ್ ಕಲಾವಿದರಿಗೆ ಅದನ್ನು ಕಂಡು ತಮ್ಮೂರ ನೆನಪಾಯಿತಂತೆ. ಕೊಡಗನ್ನು ಸ್ಕಾಟ್‌ಲೆಂಡ್ ಅಂದ ಹಾಗೆ.

ತಪ್ಪು ಕಲ್ಪನೆ: ಯೂರೋಪಲ್ಲವೇ, ಯೂರೋ ನಡೆಯುತ್ತದೆ.

ವಾಸ್ತವ: ಚೆಕ್ ದೇಶ 2004ರಲ್ಲೇ ಯೂರೋಪಿಯನ್ ಒಕ್ಕೂಟ ಸೇರಿದರೂ ಹಣ ಮಾತ್ರ ತನ್ನದೇ ಕೊರುನಾ. ಒಂದು ಯೂರೋಗೆ ಹೆಚ್ಚುಕಡಿಮೆ 24-25 ಕೊರುನಾ. ಪ್ರವಾಸಿಗರು ತುಂಬಿದ ಬೀದಿಗಳಲ್ಲಿ ಯೂರೋ ತೆಗೆದುಕೊಳ್ಳುವ ಅಂಗಡಿಗಳಿವೆ, ಅವರು ಹೇಳಿದ್ದೇ ದರ.

ಇಲ್ಲಿ ಮೂರ್ಖಳಾದವಳು ನಾನು. ಹಳೆಯ ಪಟ್ಟಣದ ಚೌಕಕ್ಕೆ ಹೋಗುವ ದಾರಿಯಲ್ಲಿ ಒಂದು ವಿನಿಮಯದ ಅಂಗಡಿ, "ಕಮಿಷನ್ 0%" ಎಂದು ಮಾರುದ್ದದ ಫಲಕ. ನೂರು ಯೂರೋ ಕೊಟ್ಟೆ. ಎರಡು ಸಾವಿರದ ನಾನೂರರ ಹತ್ತಿರ ಬರಬೇಕಾದದ್ದು ಎರಡು ಸಾವಿರವೂ ಬರಲಿಲ್ಲ. ಕಮಿಷನ್ ನಿಜವಾಗಿಯೂ ಸೊನ್ನೆಯೇ, ಕತ್ತರಿ ಇದ್ದದ್ದು ದರದಲ್ಲಿ. ಬಿಟ್ಟರೆ ಆಯಿತು ಎಂದು ಸುಮ್ಮನಾದೆ. 2019ರ ಏಪ್ರಿಲಿನಿಂದ ಅಲ್ಲಿ ಒಂದು ಕಾನೂನು ಇದೆಯೆಂದು ತಿಳಿದದ್ದು ಭಾನುವಾರ. ಸಾವಿರ ಯೂರೋ ಮೌಲ್ಯದವರೆಗಿನ ವಿನಿಮಯವನ್ನು ಮೂರು ಗಂಟೆಯೊಳಗೆ, ಕಾರಣ ಹೇಳದೆ, ರದ್ದು ಮಾಡಿಸಬಹುದು. ರಸೀದಿ ಇಟ್ಟುಕೊಂಡಿರಬೇಕು, ಅಷ್ಟೆ. ನನ್ನ ರಸೀದಿ ಅಷ್ಟರಲ್ಲಿ ಚೂಯಿಂಗ್ ಗಮ್ ಸುತ್ತಿಕೊಂಡು ಕಸದ ಬುಟ್ಟಿ ಸೇರಿತ್ತು.

ಕಾರ್ಡ್ ಬಳಸುವುದಾದರೂ ಒಂದು ಎಚ್ಚರ. ಎಟಿಎಂ "ಯೂರೋ ಲೆಕ್ಕದಲ್ಲಿ ಕಡಿತ ಮಾಡಲೇ?" ಅಂತ ಬಹಳ ಮರ್ಯಾದೆಯಿಂದ ಕೇಳುತ್ತದೆ. ಬೇಡ ಅನ್ನು. ಕೊರುನಾದಲ್ಲೇ ಇರಲಿ.

ತಪ್ಪು ಕಲ್ಪನೆ: ಪ್ರಾಗ್ ಇರುವುದು ಪೂರ್ವ ಯೂರೋಪಿನಲ್ಲಿ.

ವಾಸ್ತವ: ಭೂಪಟ ತೆಗೆದು ನೋಡು. ಪ್ರಾಗ್ 14.4 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ, ವಿಯೆನ್ನಾ 16.4ರಲ್ಲಿ. ಅಂದರೆ ಯಾರೂ ಪೂರ್ವ ಅನ್ನದ ವಿಯೆನ್ನಾ ಪ್ರಾಗ್‌ಗಿಂತ ಪೂರ್ವಕ್ಕಿದೆ. ನಾವು ಹೇಳುವ ಪೂರ್ವ ಶೀತಲ ಸಮರದ ಕಾಲದ ಪೂರ್ವ. ಅಲ್ಲಿಯವರು ತಮ್ಮದನ್ನು ಮಧ್ಯ ಯೂರೋಪ್ ಅನ್ನುತ್ತಾರೆ. ಹಾಗೆಯೇ ಚೆಕೊಸ್ಲೊವಾಕಿಯಾ ಅನ್ನಬೇಡ, ಆ ದೇಶ 1993ರ ಜನವರಿ 1ರಿಂದ ಇಲ್ಲ.

ತಪ್ಪು ಕಲ್ಪನೆ: ಎರಡು ದಿನ ಅಂದರೆ 48 ಗಂಟೆ. ಎಲ್ಲ ನೋಡಿ ಮುಗಿಸಬಹುದು.

ವಾಸ್ತವ: ನವೆಂಬರಿನಲ್ಲಿ ಅಲ್ಲಿ ಬೆಳಕು ಇರುವುದೇ ಸುಮಾರು ಒಂಬತ್ತು ಗಂಟೆ. ನಾಲ್ಕೂವರೆಗೆಲ್ಲ ಕತ್ತಲು. ಭಾನುವಾರ ಸಂಜೆಯ ಬಸ್ಸು ಹಿಡಿಯುವವರಿಗೆ ಸಿಗುವುದು ಒಂದು ಇಡೀ ಹಗಲು, ಒಂದು ಮುರುಕು ಹಗಲು. ಅದರಲ್ಲಿ ಏಳು ಜನ ಸ್ನಾನ ಮುಗಿಸಿ ಹೊರಬೀಳುವ ಹೊತ್ತು ಕಳೆ. ಎಲ್ಲಿ ತಿನ್ನೋಣ ಅನ್ನುವ ಚರ್ಚೆ ಕಳೆ. ಒಬ್ಬರಿಗಾಗಿ ಆರು ಜನ ನಿಂತು ಕಾಯುವುದನ್ನು ಕಳೆ. ನಾವು ಶನಿವಾರ ಮಧ್ಯಾಹ್ನ ಜಗಳವಾಡಿ ಮೂರು ಗುಂಪಾದೆವು. ಅದಾದ ಮೇಲೆಯೇ ಊರು ಕಂಡದ್ದು. ಪ್ರಾಗ್ ಕೋಟೆಯೊಂದೇ ಸುಮಾರು 70,000 ಚದರ ಮೀಟರು, ಒಳಗಿನ ಸೇಂಟ್ ವೀಟಸ್ ಚರ್ಚನ್ನು ಕಟ್ಟಲು ಶುರು ಮಾಡಿದ್ದು 1344ರಲ್ಲಿ, ಮುಗಿದದ್ದು 1929ರಲ್ಲಿ. ಆರು ಶತಮಾನ ಹಿಡಿದದ್ದನ್ನು ನಾವು ಟಿಕೆಟ್ ಸಾಲಿನಲ್ಲಿ ನಿಂತು "ಇಪ್ಪತ್ತು ನಿಮಿಷ ಸಾಕಾ?" ಅಂತ ಮಾತಾಡಿಕೊಂಡೆವು. ಚಾರ್ಲ್ಸ್ ಸೇತುವೆಗೆ ಮಾತ್ರ ಬೆಳಗಾಗುವ ಮುಂಚೆಯೇ ಹೋಗು. ಹತ್ತು ಗಂಟೆಯ ಮೇಲೆ ಅದು ದಸರಾ ಮೆರವಣಿಗೆಯ ದಿನದ ಸಯ್ಯಾಜಿರಾವ್ ರಸ್ತೆ.

ಅಂದ ಹಾಗೆ ಮೆಟ್ರೊದಲ್ಲಿ ತಡೆಗೇಟಿಲ್ಲ, ಆದ್ದರಿಂದ ಟಿಕೆಟ್ ಬೇಡ ಎಂದು ತಿಳಿಯಬೇಡ. ಕಾಗದದ ಟಿಕೆಟ್ ಕೊಂಡರೂ ಸಾಲದು, ಹಳದಿ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಬೇಕು. ಮುದ್ರೆ ಇಲ್ಲದ ಟಿಕೆಟ್ಟಿಗೂ ದಂಡ.

ತಪ್ಪು ಕಲ್ಪನೆ: ಹಳೆಯ ಪಟ್ಟಣದ ಚೌಕದ ಖಗೋಳ ಗಡಿಯಾರ ಮಾಡಿದವನ ಕಣ್ಣು ಸುಡಿಸಿದರು, ಇನ್ನೊಂದು ಊರಿಗೆ ಮಾಡಿಕೊಡಬಾರದೆಂದು.

ವಾಸ್ತವ: ಈ ಕಥೆ ಹೇಳದ ಗೈಡ್ ಪ್ರಾಗ್‌ನಲ್ಲಿ ಸಿಗಲಿಕ್ಕಿಲ್ಲ. ಹನುಷ್ ಎಂಬ ಗುರು ಅದ್ಭುತ ಗಡಿಯಾರ ಮಾಡಿದ, ನಗರದ ಹಿರಿಯರು ಅವನ ಕಣ್ಣು ಸುಡಿಸಿದರು, ಅವನು ತಡವರಿಸುತ್ತಾ ಬಂದು ಯಂತ್ರದೊಳಗೆ ಕೈಯಿಟ್ಟು ಅದನ್ನು ಕೆಡಿಸಿದ. ನಮ್ಮ ಬ್ರೆಜಿಲ್ ಗೆಳೆಯ ಕಣ್ಣಲ್ಲಿ ನೀರು ತಂದುಕೊಂಡ. ಅಲೊಯಿಸ್ ಯಿರಾಸೆಕ್ ಎಂಬ ಲೇಖಕ 1894ರಲ್ಲಿ ತನ್ನ ಐತಿಹ್ಯಗಳ ಪುಸ್ತಕದಲ್ಲಿ ಸೇರಿಸಿದ ಮೇಲೆ ಈ ಕಥೆ ಚೆಕ್ ಮಕ್ಕಳಿಗೆಲ್ಲ ಬಾಯಿಪಾಠ.

ಆದರೆ 1410ರ ದಾಖಲೆಯೊಂದು ಉಳಿದಿದೆ. ಅದರ ಪ್ರಕಾರ ಗಡಿಯಾರ ಮಾಡಿದವನು ಕಡನ್ ಊರಿನ ಮಿಕುಲಾಷ್. ಲೆಕ್ಕಾಚಾರದ ಬೆನ್ನೆಲುಬಾಗಿದ್ದವನು ವಿಶ್ವವಿದ್ಯಾಲಯದ ಖಗೋಳಜ್ಞ ಯಾನ್ ಶಿಂಡೆಲ್ ಎಂದು ವಿದ್ವಾಂಸರು ಹೇಳುತ್ತಾರೆ. ಹನುಷ್ ಎಂಬುವನು ಇದ್ದದ್ದು ನಿಜ, ಆದರೆ ಅವನು ಬಂದದ್ದು ಎಂಬತ್ತು ವರ್ಷ ತಡವಾಗಿ, ರಿಪೇರಿಗೆ. ಅವನ ಕಣ್ಣಿಗೆ ಯಾರೂ ಏನೂ ಮಾಡಲಿಲ್ಲ.

ತಾಜ್ ಮಹಲಿನ ಕುಶಲಕರ್ಮಿಗಳ ಕೈ ಕಡಿಸಿದರು ಅನ್ನುವ ಕಥೆ ಇದರ ಅಣ್ಣನೋ ತಮ್ಮನೋ. ನಮ್ಮ ಬೇಲೂರಿನದೂ ಅದೇ ಬಳಗ, ಸ್ವಲ್ಪ ಬೇರೆ ತಿರುವು. ಜಕಣಾಚಾರಿ ತನ್ನ ಕೈಯನ್ನು ತಾನೇ ಕಡಿದುಕೊಂಡ, ಕಲ್ಲಿನೊಳಗೆ ಕಪ್ಪೆ ಇತ್ತು ಎಂದು ಮಗ ತೋರಿಸಿಕೊಟ್ಟಾಗ. ಶಾಲೆಯ ಪ್ರವಾಸದಲ್ಲಿ ನಾನೂ ಬಾಯಿ ಬಿಟ್ಟು ಕೇಳಿದವಳೇ. ಬೇಲೂರಿನ ಶಿಲ್ಪಗಳ ಪೀಠದಲ್ಲಿ ಹೆಸರು ಕೆತ್ತಿಕೊಂಡಿರುವವರು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರು. ಎರಡು ಊರಲ್ಲೂ ಹೆಸರು ಕಣ್ಣೆದುರೇ ಇತ್ತು, ಜನರಿಗೆ ರಕ್ತ ಬೇಕಾಗಿತ್ತು. ನಾನು ಈ ಬೇಲೂರಿನ ಕಥೆ ಹೇಳಿದಾಗ ಕೊರಿಯಾದವನು ತಮ್ಮಲ್ಲೂ ಇಂಥದ್ದು ಇದೆ ಎಂದು ಶುರು ಮಾಡಿದ. ಗಂಟೆ ಹೊಡೆದು, ಹನ್ನೆರಡು ಅಪೋಸ್ತಲರ ಗೊಂಬೆಗಳು ಕಿಟಕಿಯಲ್ಲಿ ಮೆರವಣಿಗೆ ಮುಗಿಸಿ, ಹುಂಜ ಕೂಗಿ, ಜನ ಚದುರಿದರೂ ನಾವು ಅಲ್ಲೇ ಇದ್ದೆವು. ಆ ಗೊಂಬೆಗಳೂ ಹಳೆಯವಲ್ಲ. 1945ರ ಮೇನಲ್ಲಿ ಜರ್ಮನ್ ಸೇನೆಯ ಗುಂಡಿನ ದಾಳಿಗೆ ಗಡಿಯಾರ ಸುಟ್ಟಿತು, ಈಗಿನವು ಯುದ್ಧದ ನಂತರ ಕೆತ್ತಿದವು.

ತಪ್ಪು ಕಲ್ಪನೆ: ಟ್ರಡೆಲ್ನಿಕ್ ಪ್ರಾಗ್‌ನ ಪುರಾತನ ಸಿಹಿತಿಂಡಿ. ತಿನ್ನದೆ ಬಂದರೆ ಹೋಗಿಯೂ ಹೋಗದ ಹಾಗೆ.

ವಾಸ್ತವ: ಕೋಲಿಗೆ ಹಿಟ್ಟು ಸುತ್ತಿ, ಕೆಂಡದ ಮೇಲೆ ತಿರುಗಿಸಿ, ಸಕ್ಕರೆ ಹೊರಳಿಸಿ ಕೊಡುತ್ತಾರೆ. ಮೂಲೆಮೂಲೆಯ ಅಂಗಡಿಯಲ್ಲೂ "ಹಳೆಯ ಬೊಹೀಮಿಯಾದ" ಎಂಬ ಫಲಕ. ಪ್ರಾಗ್‌ನಲ್ಲಿ ಇದು ಪ್ರವಾಸಿಗರ ಜೊತೆಗೆ ಈಚೆಗೆ ಬೆಳೆದ ವ್ಯಾಪಾರ. ಹೆಸರುವಾಸಿ ಟ್ರಡೆಲ್ನಿಕ್ ಸ್ಲೊವಾಕಿಯಾದ ಸ್ಕಾಲಿತ್ಸಾ ಊರಿನದು, ಅದಕ್ಕೆ ಯೂರೋಪಿಯನ್ ಒಕ್ಕೂಟದ ಭೌಗೋಳಿಕ ಗುರುತೂ ಇದೆ. ಹಂಗೇರಿಯವರಿಗೂ ಇದರ ನಂಟಿದೆ. ಬಿಸಿಯಿರುವಾಗ ಚೆನ್ನಾಗಿರುತ್ತದೆ, ಅದಕ್ಕೇನು. ಚಳಿಯಲ್ಲಿ ಕೈ ಕಾಯಿಸಿಕೊಳ್ಳಲಿಕ್ಕೂ ಆಗುತ್ತದೆ.

ತಿಂಡಿಯ ಮಾತು ಬಂತು, ನಿನಗೆ ಬೇಕಾದ ವಿಷಯ ಹೇಳಿಬಿಡುತ್ತೇನೆ. ತರಕಾರಿ ಸೂಪ್ ಎಂದು ಬರೆದಿದ್ದರೆ ಸಸ್ಯಾಹಾರ ಅಂತಲ್ಲ, ಎಸರು ಮಾಂಸದ್ದಿರಬಹುದು. ಎಲೆಕೋಸಿನ ಸೂಪಿನಲ್ಲಿ ಸಾಸೇಜ್ ತೇಲುತ್ತದೆ. ಕೇಳಿ ತಿನ್ನು. ಆಲೂಗಡ್ಡೆ ತುರಿದು ಬೆಳ್ಳುಳ್ಳಿ ಹಾಕಿ ಕರಿದ ಬ್ರಂಬೊರಾಕ್ ನಮ್ಮ ನಾಲಿಗೆಗೆ ಹತ್ತಿರ, ಆದರೆ ಅದರಲ್ಲಿ ಮೊಟ್ಟೆ ಇರುತ್ತದೆ. ಕರಿದ ಚೀಸ್ ಎಲ್ಲ ಕಡೆ ಸಿಗುತ್ತದೆ, ಎರಡನೇ ದಿನಕ್ಕೆ ಸಾಕಾಗುತ್ತದೆ. ಅಜ್ಜಿ ಕೊಟ್ಟ ಚಟ್ನಿಪುಡಿ ಡಬ್ಬಿಯನ್ನು ಇಂಥ ಪ್ರಯಾಣಕ್ಕೂ ಒಯ್ಯಲು ನಾಚಿಕೆ ಬೇಡ. ನಮ್ಮ ಡಬ್ಬಿಯನ್ನು ಶನಿವಾರ ರಾತ್ರಿ ಬ್ರೆಡ್ಡಿನ ಜೊತೆ ಖಾಲಿ ಮಾಡಿದವರು ಸ್ಪೇನಿನವರು.

ತಪ್ಪು ಕಲ್ಪನೆ: ಬಾಟಾ ನಮ್ಮ ಕಂಪನಿ, ಜಾವಾ ನಮ್ಮ ಮೈಸೂರಿನದು.

ವಾಸ್ತವ: ಇದನ್ನು ಸೀನಿಯರುಗಳು ಹೇಳಿದ್ದಲ್ಲ, ನಾನೇ ಬಸ್ಸಿನಲ್ಲಿ ಹೆಮ್ಮೆಯಿಂದ ಹೇಳಿದ್ದು. ವೆನ್ಸೆಸ್ಲಾಸ್ ಚೌಕದಲ್ಲಿ ಗಾಜಿನ ಮೈಯ ಬಾಟಾ ಕಟ್ಟಡ ಕಂಡಾಗ "ಅರೆ, ಇಲ್ಲೂ ಬಂದಿದ್ದಾರಾ!" ಅಂದೆ. ಬರುವುದೇನು, 1894ರಲ್ಲಿ ಝ್ಲೀನ್ ಊರಿನಲ್ಲಿ ಹುಟ್ಟಿದ್ದೇ ಅದು. ಜಾವಾ ಶುರುವಾದದ್ದು 1929ರಲ್ಲಿ, ಪ್ರಾಗ್‌ನಲ್ಲಿ. ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಬೈಕಿನ ತಯಾರಿಕೆಯನ್ನು ಕೊಂಡುಕೊಂಡ. ತನ್ನ ಹೆಸರಿನ ಜಾ, ಅವರ ಹೆಸರಿನ ವಾ ಸೇರಿಸಿ ಜಾವಾ ಎಂದಿಟ್ಟ. ಇಂಡೊನೇಷ್ಯಾದ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೆಯಿತು, ನಡುವೆ ಹೆಸರು ಯೆಜ್ಡಿ ಆಯಿತು.

ಮೂರು ಗುಂಪಾದೆವು ಅಂದೆನಲ್ಲ, ಆಗ ನಾನೂ ಇಟಲಿಯವಳೂ ರಾಷ್ಟ್ರೀಯ ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿ ನಿಂತ ಜಾವಾ ಗಾಡಿಯ ಗೇರ್ ಲಿವರನ್ನೇ ಮೇಲೆತ್ತಿ ಕಿಕ್ಕರ್ ಮಾಡುವುದು ಹೇಗೆಂದು ಅವಳಿಗೆ ಅಭಿನಯಿಸಿ ತೋರಿಸಿದೆ. ಅಪ್ಪ ಪ್ರತಿ ಬೆಳಿಗ್ಗೆ ಮಾಡುತ್ತಿದ್ದದ್ದು. ಕಾವಲಿನ ಅಜ್ಜ ದೂರದಿಂದಲೇ ತಲೆಯಾಡಿಸಿದ. ಮುಟ್ಟಬೇಡ ಅಂದನೋ, ಸರಿಯಾಗಿ ಹೇಳಿದೆ ಅಂದನೋ.

ತಪ್ಪು ಕಲ್ಪನೆ: ಪರದೇಶದ ವಿದ್ಯಾರ್ಥಿಗಳು ಒಂದೂರಿಂದ ಇನ್ನೊಂದೂರಿಗೆ ಹೋಗುವುದು ಈಚಿನ ಸಂಗತಿ, ಎರಾಸ್ಮಸ್ ಬಂದ ಮೇಲಿನದು.

ವಾಸ್ತವ: ಎರಾಸ್ಮಸ್ ಎಂಬ ವಿದ್ಯಾರ್ಥಿ ವಿನಿಮಯ ಯೋಜನೆ 1987ರದು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು. ಆದರೆ ನೀನು ಹೋಗುವ ಲೈಪ್‌ಜಿಗ್ ವಿಶ್ವವಿದ್ಯಾಲಯ ಹುಟ್ಟಿದ್ದೇ ಪ್ರಾಗ್ ಬಿಟ್ಟು ಬಂದ ಪರದೇಶದ ವಿದ್ಯಾರ್ಥಿಗಳಿಂದ. ನಾಲ್ಕನೇ ಚಾರ್ಲ್ಸ್ 1348ರಲ್ಲಿ ಪ್ರಾಗ್‌ನಲ್ಲಿ ವಿಶ್ವವಿದ್ಯಾಲಯ ಸ್ಥಾಪಿಸಿದ. ಬೊಹೀಮಿಯಾ, ಬವೇರಿಯಾ, ಸ್ಯಾಕ್ಸನಿ, ಪೋಲೆಂಡ್ ಎಂದು ನಾಲ್ಕು "ರಾಷ್ಟ್ರ"ಗಳು, ಆಡಳಿತದಲ್ಲಿ ಒಂದೊಂದಕ್ಕೆ ಒಂದೊಂದು ಮತ. 1409ರ ಜನವರಿಯಲ್ಲಿ ದೊರೆ ನಾಲ್ಕನೇ ವೆನ್ಸೆಸ್ಲಾಸ್ ಕುಟ್ನಾ ಹೋರಾದಿಂದ ಹೊರಡಿಸಿದ ಆಜ್ಞೆಯಲ್ಲಿ ಬೊಹೀಮಿಯಾದವರಿಗೆ ಮೂರು ಮತ, ಉಳಿದ ಮೂವರಿಗೂ ಸೇರಿ ಒಂದು. ಜರ್ಮನ್ ಉಪಾಧ್ಯಾಯರೂ ವಿದ್ಯಾರ್ಥಿಗಳೂ ನೂರಾರು ಸಂಖ್ಯೆಯಲ್ಲಿ ಗಂಟುಮೂಟೆ ಕಟ್ಟಿದರು. ಅವರಲ್ಲಿ ಹಲವರು ಲೈಪ್‌ಜಿಗ್‌ಗೆ ಬಂದು ಅದೇ ವರ್ಷ ಅಲ್ಲಿ ಪಾಠ ಶುರು ಮಾಡಿದರು. ನಮ್ಮ ಬಸ್ಸು ಹೋದದ್ದು ಅವರು ಮುನಿಸಿಕೊಂಡು ಬಂದ ದಿಕ್ಕಿಗೆ ಎದುರಾಗಿ.

ತಪ್ಪು ಕಲ್ಪನೆ: ಪ್ರಾಗ್ ಅಂದರೆ ಅಗ್ಗದ ಬಿಯರು, ರಾತ್ರಿಯಿಡೀ ಗಲಾಟೆ.

ವಾಸ್ತವ: ಬಿಯರು ಅಗ್ಗ, ಸುಳ್ಳಲ್ಲ. ಆದರೆ ಊರಿನವರಿಗೆ ಸಾಕಾಗಿದೆ. ಗೈಡ್ ಕಟ್ಟಿಕೊಂಡು ಒಂದು ಪಬ್ಬಿಂದ ಇನ್ನೊಂದಕ್ಕೆ ಮೆರವಣಿಗೆ ಹೋಗುವುದನ್ನು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ನಗರಸಭೆ 2024ರಲ್ಲಿ ನಿಷೇಧಿಸಿತು.

ನಾವು ತಲುಪಿದ ಶುಕ್ರವಾರ ನವೆಂಬರ್ 17. ನಾರೊದ್ನಿ ಎಂಬ ಬೀದಿಯ ತುಂಬ ಜನ, ಒಂದು ಕಮಾನಿನ ಕೆಳಗೆ ಮೇಣದಬತ್ತಿಗಳ ರಾಶಿ. ಕ್ರಿಸ್‌ಮಸ್ ಸಂತೆ ಬೇಗ ಶುರುವಾಗಿದೆ ಎಂದುಕೊಂಡು ನಾವು ಕೇಕೆ ಹಾಕುತ್ತಾ ನುಗ್ಗಿದೆವು. ಗೋಡೆಯ ಮೇಲೆ ಕಂಚಿನ ಕೈಗಳು, ಅದರಲ್ಲಿ ತಾರೀಖು. 1939ರ ನವೆಂಬರ್ 17ರಂದು ನಾಜಿಗಳು ವಿದ್ಯಾರ್ಥಿ ನಿಲಯಗಳಿಗೆ ನುಗ್ಗಿ ಒಂಬತ್ತು ಮಂದಿಯನ್ನು ಕೊಂದರು, ಸುಮಾರು 1,200 ವಿದ್ಯಾರ್ಥಿಗಳನ್ನು ಯಾತನಾ ಶಿಬಿರಕ್ಕೆ ಸಾಗಿಸಿದರು, ಚೆಕ್ ವಿಶ್ವವಿದ್ಯಾಲಯಗಳಿಗೆ ಬೀಗ ಹಾಕಿದರು. ಅದರ ಐವತ್ತನೇ ವರ್ಷದ ನೆನಪಿಗೆ 1989ರಲ್ಲಿ ಹೊರಟ ವಿದ್ಯಾರ್ಥಿಗಳ ಮೆರವಣಿಗೆಯನ್ನು ಇದೇ ಬೀದಿಯಲ್ಲಿ ಕಮ್ಯುನಿಸ್ಟ್ ಸರ್ಕಾರದ ಪೊಲೀಸರು ತಡೆದು ಹೊಡೆದರು. ಡಿಸೆಂಬರ್ ಮುಗಿಯುವ ಮುಂಚೆ ಆ ಸರ್ಕಾರ ಹೋಗಿ ವಾತ್ಸ್ಲಾವ್ ಹಾವೆಲ್ ಅಧ್ಯಕ್ಷರಾದರು. ನವೆಂಬರ್ 17 ಅಂತರರಾಷ್ಟ್ರೀಯ ವಿದ್ಯಾರ್ಥಿ ದಿನ ಎಂದು ಆರು ದೇಶಗಳ ಏಳು ವಿದ್ಯಾರ್ಥಿಗಳಾದ ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು ಮಾತಿಲ್ಲದೆ ನಮಗೆ ಒಂದು ಬತ್ತಿ ಕೊಟ್ಟರು. ಹಚ್ಚಿದೆವು.

ತಪ್ಪು ಕಲ್ಪನೆ: ವಾಪಸ್ ಬಂದ ಮೇಲೆ ಹಾಲು, ಬ್ರೆಡ್ಡು ತಂದುಕೊಂಡರಾಯಿತು.

ವಾಸ್ತವ: ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಪ್ರಾಗ್‌ನಲ್ಲಿ ತೆರೆದಿರುತ್ತವೆ, ಬಸ್ಸು ಹತ್ತುವ ಮುಂಚೆ ಅಲ್ಲೇ ಕೊಂಡುಕೋ. ಮರೆತರೆ, ದೊಡ್ಡ ರೈಲು ನಿಲ್ದಾಣಗಳ ಒಳಗೆ ಒಂದೆರಡು ಅಂಗಡಿ ತೆರೆದಿರುತ್ತವೆ. ಮತ್ತೆ ಪಾಸ್‌ಪೋರ್ಟ್ ಡ್ರಾಯರಿನಲ್ಲಿ ಇಡಬೇಡ.